ಗೆರೆಯನ್ನು ನಂಬುವ ಕಾರು, ಗೆರೆ ಅಳಿದ ರಸ್ತೆ: ಪಥಪಾಲನಾ ವ್ಯವಸ್ಥೆಯನ್ನು ಅರಿತು ಬಳಸುವ ಬಗೆ

ಕೆಲವು ವರ್ಷಗಳಿಂದೀಚೆಗೆ ಮಾರುಕಟ್ಟೆಗೆ ಬಂದಿರುವ ಅನೇಕ ಕಾರುಗಳಲ್ಲಿ ಸ್ಟಿಯರಿಂಗ್ ಚಕ್ರವು ಒಮ್ಮೊಮ್ಮೆ ಚಾಲಕರ ಕೈಯಲ್ಲಿದ್ದಂತೆಯೇ ತಾನಾಗಿ ಎಡಕ್ಕೋ ಬಲಕ್ಕೋ ಎಳೆಯುತ್ತದೆ. ಜೊತೆಗೆ ಎಚ್ಚರಿಕೆಯ ಸದ್ದೂ ಕೇಳಿಸುತ್ತದೆ. ಕಾರು ತನ್ನ ಸಂಚಾರಪಥದ ಗೆರೆಯನ್ನು ದಾಟದಂತೆ ಕಾಯುವ ‘ಲೇನ್ ಕೀಪ್ ಅಸಿಸ್ಟ್’ ಎಂಬ ಸುರಕ್ಷತಾ ಸೌಲಭ್ಯದ ಕೆಲಸವಿದು. ಕನ್ನಡದಲ್ಲಿ ಇದನ್ನು ಪಥಪಾಲನಾ ವ್ಯವಸ್ಥೆ ಎಂದು ಕರೆಯಬಹುದು. ಪ್ರಾಣ ಉಳಿಸಲೆಂದು ಅಳವಡಿಸಿದ ಈ ವ್ಯವಸ್ಥೆಯ ಬಗೆಗೆ ಹಲವು ದೇಶಗಳ ಚಾಲಕರಲ್ಲಿ ಅಸಮಾಧಾನವಿದೆ. ಕಿರಿಕಿರಿ ತಾಳಲಾರದೆ ಅದನ್ನು ಕಾಯಂ ಆಗಿ ಆರಿಸಿಬಿಡುವವರು ಕೆಲವರು. ಅದನ್ನೇ ಪೂರ್ತಿ ನಂಬಿ ಕೈ ಸಡಿಲಿಸುವವರು ಇನ್ನು ಕೆಲವರು. ಎರಡೂ ಅಪಾಯಕ್ಕೆ ದಾರಿ.

ಗಡಿನಾಡಿನ ಕನ್ನಡ ಕುಟುಂಬಗಳಿಗೆ ಈ ವಿಷಯ ದೂರದ್ದಲ್ಲ. ಚಿಕಿತ್ಸೆಗೆ, ಮಕ್ಕಳ ಉನ್ನತ ಶಿಕ್ಷಣಕ್ಕೆ, ನೆಂಟರ ಮನೆಯ ಶುಭಕಾರ್ಯಕ್ಕೆಂದು ಕಾಸರಗೋಡಿನವರು ಮಂಗಳೂರಿಗೂ, ಹೊಸೂರಿನವರು ಬೆಂಗಳೂರಿಗೂ, ಅಕ್ಕಲಕೋಟೆಯವರು ಕಲಬುರಗಿಗೂ, ಜತ್ತದವರು ವಿಜಯಪುರಕ್ಕೂ ಮತ್ತೆ ಮತ್ತೆ ಪ್ರಯಾಣ ಮಾಡುತ್ತಾರೆ. ಇಂಥ ಪ್ರಯಾಣದಲ್ಲಿ ಗೆರೆಗಳು ಸ್ಫುಟವಾಗಿರುವ ಹೆದ್ದಾರಿಯೂ ಗೆರೆಯೇ ಇಲ್ಲದ ಊರಿನ ರಸ್ತೆಯೂ ಒಂದರ ಹಿಂದೊಂದು ಎದುರಾಗುತ್ತವೆ. ಆದುದರಿಂದ ಈ ವ್ಯವಸ್ಥೆ ಏನನ್ನು ನೋಡಬಲ್ಲದು, ಏನನ್ನು ನೋಡಲಾರದು ಎಂಬುದನ್ನು ಮನೆಮಂದಿಯೆಲ್ಲ ತಿಳಿದಿರುವುದು ಒಳ್ಳೆಯದು.

ಮೂರು ಬಗೆಯ ನೆರವು

ಈ ತಂತ್ರಜ್ಞಾನ ನಿನ್ನೆ ಮೊನ್ನೆ ಹುಟ್ಟಿದ್ದಲ್ಲ. ಗೆರೆ ದಾಟಿದಾಗ ಎಚ್ಚರಿಸುವ ಉಪಕರಣವು 2000ದಲ್ಲಿಯೇ ಯೂರೋಪಿನ ಮರ್ಸಿಡಿಸ್ ಆಕ್ಟ್ರೋಸ್ ಲಾರಿಗಳಿಗೆ ಬಂದಿತ್ತು. ಮರುವರ್ಷ ಜಪಾನಿನಲ್ಲಿ ನಿಸ್ಸಾನ್ ಸೀಮಾ ಕಾರು ಸ್ಟಿಯರಿಂಗ್‌ಗೆ ನೆರವಾಗುವ ವ್ಯವಸ್ಥೆಯೊಂದನ್ನು ಪಡೆಯಿತು. ಭಾರತದಲ್ಲಿ ಇದು ಬಹುಕಾಲ ದುಬಾರಿ ಆಮದು ಕಾರುಗಳಿಗೆ ಸೀಮಿತವಾಗಿತ್ತು. 2021ರಲ್ಲಿ ಬಂದ ಮಹೀಂದ್ರ ಎಕ್ಸ್‌ಯುವಿ 700, ಎಂ.ಜಿ. ಆಸ್ಟರ್‌ನಂಥ ಕಾರುಗಳ ಬಳಿಕ ಮಧ್ಯಮವರ್ಗದ ಮನೆಗಳಿಗೂ ತಲಪಿತು. ಮಾರಾಟಗಾರರು ‘ಅಡಾಸ್’ ಎಂಬ ಹ್ರಸ್ವನಾಮದಿಂದ ಪರಿಚಯಿಸುವ ಚಾಲಕ ಸಹಾಯ ಸೌಲಭ್ಯಗಳ ಗುಂಪಿನಲ್ಲಿ ಇದೂ ಒಂದು.

ಈ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳು ಅಡಗಿವೆ. ಮೊದಲನೆಯದು ಎಚ್ಚರಿಕೆ ಮಾತ್ರ: ಇಂಡಿಕೇಟರ್ ಹಾಕದೆ ಕಾರು ಗೆರೆಯತ್ತ ಸರಿದರೆ ಸದ್ದು ಮಾಡುತ್ತದೆ ಅಥವಾ ಸ್ಟಿಯರಿಂಗ್ ಕಂಪಿಸುತ್ತದೆ, ಕಾರಿನ ದಿಕ್ಕು ಬದಲಾಗುವುದಿಲ್ಲ. ಎರಡನೆಯದು ತಿದ್ದುಪಡಿ: ಕಾರು ಗೆರೆಯನ್ನು ಸಮೀಪಿಸಿದಾಗ ಸ್ಟಿಯರಿಂಗನ್ನು ಮೆಲ್ಲನೆ ತಿರುಗಿಸಿ ಕಾರನ್ನು ಮತ್ತೆ ಪಥದೊಳಕ್ಕೆ ತರುತ್ತದೆ. ಮೂರನೆಯದು ಕಾರನ್ನು ಸದಾ ಎರಡು ಗೆರೆಗಳ ನಡುವೆ ಇರಿಸಲು ನಿರಂತರವಾಗಿ ಸ್ಟಿಯರಿಂಗ್ ನಡೆಸುವ ಕೆಲಸ. ಚಾಲಕರ ದೂರುಗಳು ಬಹುಪಾಲು ಎರಡನೆಯ ಮತ್ತು ಮೂರನೆಯ ಬಗೆಗೆ ಸಂಬಂಧಿಸಿವೆ. ತಮ್ಮ ಕಾರಿನಲ್ಲಿರುವುದು ಈ ಮೂರರಲ್ಲಿ ಯಾವುದು ಎಂದು ತಿಳಿಯದಿರುವುದೇ ಹಲವರ ಗೊಂದಲಕ್ಕೆ ಮೂಲ.

ಕ್ಯಾಮೆರಾ ಕಾಣುವುದೇನು?

ಕಾರಿನ ಒಳಗನ್ನಡಿಯ ಹಿಂದೆ, ಮುಂಭಾಗದ ಗಾಜಿಗೆ ಅಂಟಿಕೊಂಡಂತೆ ಒಂದು ಪುಟ್ಟ ಕ್ಯಾಮೆರಾ ಇರುತ್ತದೆ. ಅದು ಪ್ರತಿ ಸೆಕೆಂಡಿಗೆ ಹಲವು ಬಾರಿ ಮುಂದಿನ ರಸ್ತೆಯ ಚಿತ್ರ ತೆಗೆಯುತ್ತದೆ. ಆ ಚಿತ್ರದಲ್ಲಿ ಕಪ್ಪು ಡಾಂಬರಿಗೂ ಬಿಳಿ ಅಥವಾ ಹಳದಿ ಗೆರೆಗೂ ಇರುವ ಬಣ್ಣದ ಅಂತರವನ್ನು ಗಣಕವು ಗುರುತಿಸಿ, ಗೆರೆ ಎಷ್ಟು ದೂರದಲ್ಲಿದೆ, ಎತ್ತ ಬಾಗುತ್ತಿದೆ ಎಂದು ಲೆಕ್ಕ ಹಾಕುತ್ತದೆ. ಕಾರಿನ ವೇಗವನ್ನೂ ದಿಕ್ಕನ್ನೂ ಅದಕ್ಕೆ ಸೇರಿಸಿ, ಚಕ್ರ ಇನ್ನೆಷ್ಟು ಹೊತ್ತಿನಲ್ಲಿ ಗೆರೆಯನ್ನು ತುಳಿಯುವುದೆಂದು ಅಂದಾಜಿಸುತ್ತದೆ. ಅವಧಿ ತೀರ ಕಡಿಮೆಯಾದರೆ ಸ್ಟಿಯರಿಂಗಿನ ವಿದ್ಯುತ್ ಮೋಟಾರಿಗೆ ಆದೇಶ ಹೋಗುತ್ತದೆ. ಸ್ಟಿಯರಿಂಗನ್ನು ಹಗುರಗೊಳಿಸುವ ‘ಪವರ್ ಸ್ಟಿಯರಿಂಗ್’ ಮೋಟಾರೇ ಇಲ್ಲಿ ತಿದ್ದುವ ಕೆಲಸವನ್ನೂ ಮಾಡುತ್ತದೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಅಂಶವೊಂದಿದೆ. ತಿದ್ದುಪಡಿಗೆ ಈ ವ್ಯವಸ್ಥೆ ಪ್ರಧಾನವಾಗಿ ಆಧರಿಸುವುದು ಗೆರೆಯನ್ನು. ರಸ್ತೆಯಂಚಿನ ಹೊಂಡ, ದಾಟಲು ಹವಣಿಸುತ್ತಿರುವ ಹಸು, ಸೈಕಲಿನಲ್ಲಿ ಹೋಗುತ್ತಿರುವ ವಿದ್ಯಾರ್ಥಿ, ಎದುರಿನಿಂದ ನಡುಗೆರೆ ಮೀರಿ ಬರುತ್ತಿರುವ ಲಾರಿ, ಇವುಗಳಲ್ಲಿ ಯಾವುದಕ್ಕಾಗಿ ಚಾಲಕರು ಪಕ್ಕಕ್ಕೆ ಸರಿದರೆಂಬ ಕಾರಣವನ್ನು ಅದು ಬಹುತೇಕ ಅರಿಯದು. ಕೆಲವು ಕಾರುಗಳು ಇತರ ವಾಹನಗಳನ್ನೂ ರಸ್ತೆಯ ಅಂಚನ್ನೂ ಒಂದು ಮಟ್ಟಿಗೆ ಗುರುತಿಸುತ್ತವೆ. ಆದರೂ ಇಂಡಿಕೇಟರ್ ಇಲ್ಲದೆ ಗೆರೆಯತ್ತ ಸರಿಯುವ ಕಾರನ್ನು ಅದು ನೋಡುವುದು ತೂಕಡಿಸುತ್ತಿರುವ ಚಾಲಕರ ಕಾರೆಂದೇ.

ಒಂದು ಸೆಕೆಂಡಿನ ಲೆಕ್ಕ

ಇಂಥ ವ್ಯವಸ್ಥೆಯ ಅಗತ್ಯವೇನೆಂಬುದನ್ನು ಪ್ರೌಢಶಾಲೆಯ ಮಕ್ಕಳೂ ಲೆಕ್ಕ ಹಾಕಿ ತಿಳಿಯಬಹುದು. ನಮ್ಮ ಹೆದ್ದಾರಿಗಳಲ್ಲಿ ಒಂದು ಪಥದ ಅಗಲ ಸಾಮಾನ್ಯವಾಗಿ 3.5 ಮೀಟರ್. ಕಾರಿನ ಅಗಲ 1.8 ಮೀಟರ್ ಎಂದುಕೊಳ್ಳೋಣ. ಕಾರು ಪಥದ ನಟ್ಟನಡುವೆ ಇದ್ದರೆ ಎರಡೂ ಬದಿಗೆ ಉಳಿಯುವ ಜಾಗ 85 ಸೆಂಟಿಮೀಟರ್ ಮಾತ್ರ. ಗಂಟೆಗೆ 80 ಕಿಲೋಮೀಟರ್ ವೇಗವೆಂದರೆ ಸೆಕೆಂಡಿಗೆ ಸುಮಾರು 22 ಮೀಟರ್. ಕಾರಿನ ಮೂತಿ ಕೇವಲ 2 ಡಿಗ್ರಿಯಷ್ಟು ಓರೆಯಾದರೆ, ಅದು ಪ್ರತಿ ಸೆಕೆಂಡಿಗೆ ಸುಮಾರು 77 ಸೆಂಟಿಮೀಟರ್ ಪಕ್ಕಕ್ಕೆ ಸರಿಯುತ್ತದೆ. ಅಂದರೆ ಒಂದು ಸೆಕೆಂಡಿಗಿಂತ ಸ್ವಲ್ಪವೇ ಹೆಚ್ಚಿನ ಅವಧಿಯಲ್ಲಿ ಚಕ್ರ ಗೆರೆಯ ಮೇಲಿರುತ್ತದೆ. ಮೊಬೈಲಿನ ಪರದೆಯತ್ತ ಕಣ್ಣು ಹಾಯಿಸಲು ಅಥವಾ ನಿದ್ದೆಯ ಒಂದು ಜೋಂಪು ಹತ್ತಲು ಇಷ್ಟು ಹೊತ್ತು ಧಾರಾಳ ಸಾಕು.

ಆ ಒಂದು ಸೆಕೆಂಡನ್ನು ಕಾಯುವುದೇ ಈ ವ್ಯವಸ್ಥೆಯ ಉದ್ದೇಶ. ಆದುದರಿಂದಲೇ ಅನೇಕ ಕಾರುಗಳಲ್ಲಿ ಇದು ಗಂಟೆಗೆ ಸುಮಾರು 60 ಕಿಲೋಮೀಟರ್ ವೇಗ ದಾಟಿದ ಮೇಲೆ ಮಾತ್ರ ಎಚ್ಚೆತ್ತುಕೊಳ್ಳುತ್ತದೆ. ಅದು ಹೆದ್ದಾರಿಗೆಂದು ರೂಪುಗೊಂಡ ಕಾವಲುಗಾರ.

ಚಾಲಕರು ಮುನಿಯುವುದೇಕೆ?

ದೂರುಗಳಲ್ಲಿ ಮೊದಲನೆಯದು, ಬೇಕೆಂದೇ ಪಕ್ಕಕ್ಕೆ ಸರಿದಾಗಲೂ ಕಾರು ಅಡ್ಡಿಪಡಿಸುತ್ತದೆ ಎಂಬುದು. ಸೈಕಲ್ ಸವಾರರಿಗೆ ಜಾಗ ಬಿಡಲು ಚಾಲಕರು ಬಲಕ್ಕೆ ತಿರುಗಿಸಿದರೆ, ಸ್ಟಿಯರಿಂಗ್ ಎಡಕ್ಕೆ, ಅಂದರೆ ಸೈಕಲಿನತ್ತಲೇ ಎಳೆಯುತ್ತದೆ. ಇದಕ್ಕಿಂತ ಗಂಭೀರವಾದದ್ದು ದ್ವಿಪಥ ರಸ್ತೆಯ ಸಂದರ್ಭ. ಎದುರಿನಿಂದ ಬಸ್ಸೊಂದು ಇನ್ನೊಂದನ್ನು ಹಿಂದಿಕ್ಕುತ್ತ ಬಂದಾಗ ನಾವು ಎಡದ ಅಂಚುಗೆರೆಯನ್ನು ದಾಟಿ ಮಣ್ಣಿನ ಅಂಚಿಗೆ ಇಳಿಯುವುದು ರೂಢಿ. ಅಂಚುಗೆರೆಯನ್ನು ದಾಟುವುದು ಅಪಾಯವೆಂದೇ ತಿಳಿದಿರುವ ಕಾರು ಆ ಕ್ಷಣದಲ್ಲಿ ಬಲಕ್ಕೆ, ಬಸ್ಸಿನ ಕಡೆಗೆ ತಿದ್ದಲು ತೊಡಗಬಹುದು. ಮುನ್ನರಿವಿಲ್ಲದ ಚಾಲಕರು ಅಲ್ಲಿ ಬೆಚ್ಚಿಬೀಳುವುದು ಸಹಜ.

ಎರಡನೆಯ ದೂರು ತಪ್ಪು ಗೆರೆಗಳದ್ದು. ಕಾಮಗಾರಿ ನಡೆಯುವ ಕಡೆ ಹಳೆಯ ಗೆರೆ ಪೂರ್ತಿ ಅಳಿಯದೆ ಹೊಸ ಗೆರೆಯೊಂದು ಅದರ ಪಕ್ಕದಲ್ಲಿ ಮೂಡಿದಾಗ, ಕ್ಯಾಮೆರಾ ಯಾವುದನ್ನು ನಂಬಬೇಕು? ಬಿರುಕು ಮುಚ್ಚಲು ಸುರಿದ ಡಾಂಬರಿನ ಪಟ್ಟಿ ಸಂಜೆಯ ಓರೆ ಬಿಸಿಲಿನಲ್ಲಿ ಗೆರೆಯಂತೆ ಹೊಳೆಯುತ್ತದೆ. ಮಳೆಗಾಲದ ರಾತ್ರಿಯಲ್ಲಿ ಎದುರು ವಾಹನದ ಬೆಳಕು ನೀರಿನ ಮೇಲೆ ಪ್ರತಿಫಲಿಸಿ ನಿಜವಾದ ಗೆರೆಯನ್ನೇ ನುಂಗಿಬಿಡುತ್ತದೆ. ಇಂಥ ಕಡೆ ವ್ಯವಸ್ಥೆ ಒಮ್ಮೆ ಎಳೆದು, ಒಮ್ಮೆ ಸುಮ್ಮನಾಗಿ, ಮತ್ತೆ ಎಳೆಯುತ್ತದೆ. ಯಾವಾಗ ಎಳೆಯುವುದೆಂದು ತಿಳಿಯದಿರುವುದು ಎಳೆತಕ್ಕಿಂತಲೂ ಹೆಚ್ಚಿನ ಕಿರಿಕಿರಿ.

ಮೂರನೆಯದು, ಕೈಯಿಟ್ಟಿದ್ದರೂ “ಸ್ಟಿಯರಿಂಗ್ ಹಿಡಿಯಿರಿ” ಎಂದು ಬರುವ ಸೂಚನೆ. ಅನೇಕ ಕಾರುಗಳು ಚಾಲಕರ ಕೈಯನ್ನು ನೇರವಾಗಿ ಗುರುತಿಸುವುದಿಲ್ಲ. ಚಕ್ರದ ಮೇಲೆ ಬೀಳುವ ಸಣ್ಣ ತಿರುಗುಬಲದಿಂದ ಊಹಿಸುತ್ತವೆ. ನೇರ ರಸ್ತೆಯಲ್ಲಿ ಹಗುರವಾಗಿ ಹಿಡಿದವರ ಕೈ ಅವುಗಳಿಗೆ ತಿಳಿಯುವುದೇ ಇಲ್ಲ. ಸ್ಪರ್ಶವನ್ನೇ ಗ್ರಹಿಸುವ ಚಕ್ರವುಳ್ಳ ಕಾರುಗಳಲ್ಲಿ ಈ ತೊಂದರೆ ಕಡಿಮೆ. ನಾಲ್ಕನೆಯದು ಸದ್ದು. ಇಕ್ಕಟ್ಟಾದ ರಸ್ತೆಯಲ್ಲಿ ಪದೇ ಪದೇ ಕೇಳಿಬರುವ ಎಚ್ಚರಿಕೆಗೆ ಕಿವಿ ಒಗ್ಗಿಹೋದರೆ, ನಿಜವಾಗಿ ಕೇಳಬೇಕಾದ ದಿನ ಅದು ಕೇಳಿಸದೆ ಹೋಗುತ್ತದೆ.

ಆರಿಸಿದರೂ ಮತ್ತೆ ಏಳುವುದೇಕೆ?

“ನಿನ್ನೆ ತಾನೇ ಆರಿಸಿದ್ದೆ, ಇಂದು ಮತ್ತೆ ಚಾಲೂ ಆಗಿದೆ” ಎಂಬ ದೂರು ಯೂರೋಪಿನಲ್ಲಿ ಹೆಚ್ಚು. ಅದಕ್ಕೆ ಕಾರಣ ಅಲ್ಲಿಯ ಕಾನೂನು. ಯೂರೋಪಿಯನ್ ಒಕ್ಕೂಟವು 2019ರಲ್ಲಿ ಅಂಗೀಕರಿಸಿದ ವಾಹನ ಸುರಕ್ಷತಾ ನಿಯಮದಂತೆ ತುರ್ತು ಪಥಪಾಲನಾ ವ್ಯವಸ್ಥೆಯು 2022ರ ಜುಲೈಯಿಂದ ಹೊಸ ಮಾದರಿಯ ಕಾರುಗಳಿಗೂ, 2024ರ ಜುಲೈಯಿಂದ ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೂ ಕಡ್ಡಾಯವಾಯಿತು. ಕಾರನ್ನು ಪ್ರತಿ ಸಲ ಚಾಲೂ ಮಾಡಿದಾಗ ವ್ಯವಸ್ಥೆ ತಾನಾಗಿ ಜಾಗೃತವಾಗಿರಬೇಕು. ಆರಿಸಬೇಕಾದರೆ ಚಾಲಕರು ಒಂದಕ್ಕಿಂತ ಹೆಚ್ಚು ಹಂತಗಳನ್ನು ದಾಟಬೇಕು ಎಂಬುದು ಆ ನಿಯಮದ ಭಾಗ. ಅರಿಯದೆ ಕೈತಾಗಿ ಅದು ಆರದಿರಲಿ, ಒಮ್ಮೆ ಆರಿಸಿ ಮರೆತವರು ವರ್ಷಗಟ್ಟಲೆ ರಕ್ಷಣೆಯಿಲ್ಲದೆ ಓಡಾಡದಿರಲಿ ಎಂಬ ಆಶಯ ಅದರ ಹಿಂದಿದೆ. ಭಾರತದಲ್ಲಿ ಮಾರಾಟವಾಗುವ ಕಾರುಗಳ ನಡವಳಿಕೆ ಮಾದರಿಯಿಂದ ಮಾದರಿಗೆ ಬೇರೆ: ಕೆಲವು ಚಾಲಕರ ಕೊನೆಯ ಆಯ್ಕೆಯನ್ನು ನೆನಪಿಡುತ್ತವೆ, ಕೆಲವು ಪ್ರತಿ ಸಲ ಹೊಸದಾಗಿ ಆರಂಭಿಸುತ್ತವೆ.

“ಕಾರು ಸ್ಟಿಯರಿಂಗನ್ನೇ ಕಿತ್ತುಕೊಂಡರೆ ಗತಿಯೇನು?” ಎಂದು ಭಯಪಡುವ ಹಿರಿಯರೂ ಇದ್ದಾರೆ. ಅಂಥ ಭಯ ಬೇಡ. ಸ್ಟಿಯರಿಂಗ್ ಕುರಿತ ವಿಶ್ವಸಂಸ್ಥೆಯ 79ನೆಯ ವಾಹನ ನಿಯಮದಂತೆ, ಇಂಥ ವ್ಯವಸ್ಥೆಯ ಎಳೆತವನ್ನು ಮೀರಲು ಚಾಲಕರು ಹಾಕಬೇಕಾದ ಬಲ 50 ನ್ಯೂಟನ್‌ಗಿಂತ ಹೆಚ್ಚಿರಬಾರದು. ಅದು ಸುಮಾರು ಐದು ಕಿಲೋ ತೂಕವನ್ನು ಎತ್ತುವ ಬಲ. ಗಟ್ಟಿಯಾಗಿ ಹಿಡಿದ ಕೈ ಸುಲಭವಾಗಿ ಗೆಲ್ಲುತ್ತದೆ. ಕೊನೆಯ ಮಾತು ಚಾಲಕರದೇ ಆಗಿರಬೇಕೆಂಬುದು ಆ ನಿಯಮದ ಸಾರ.

ಹಾಗಾದರೆ ಪ್ರಯೋಜನವೇ ಇಲ್ಲವೆ?

ಖಂಡಿತ ಇದೆ. ಅಮೆರಿಕದ ಹೆದ್ದಾರಿ ಸುರಕ್ಷತಾ ವಿಮಾ ಸಂಸ್ಥೆಯ ಅಧ್ಯಯನವೊಂದರಲ್ಲಿ, ಪಥ ತಪ್ಪಿದಾಗ ಎಚ್ಚರಿಸುವ ಸೌಲಭ್ಯವಿರುವ ಕಾರುಗಳು ಒಂಟಿಯಾಗಿ ರಸ್ತೆ ಬಿಟ್ಟು ಉರುಳುವ, ಪಕ್ಕದ ವಾಹನಕ್ಕೆ ಉಜ್ಜುವ, ಎದುರಿನ ವಾಹನಕ್ಕೆ ಗುದ್ದುವ ಅಪಘಾತಗಳಲ್ಲಿ ಶೇ. 11ರಷ್ಟು ಇಳಿಕೆ ಕಂಡುಬಂದಿತು. ಗಾಯಾಳುಗಳಿದ್ದ ಇಂಥ ಅಪಘಾತಗಳಲ್ಲಿ ಇಳಿಕೆ ಶೇ. 21. ಇವು ಅಮೆರಿಕದ ರಸ್ತೆಗಳ ಅಂಕಿಗಳು. ನಮ್ಮ ರಸ್ತೆಗಳಿಗೆ ಹಾಗೆಯೇ ಅನ್ವಯಿಸುವಂತಿಲ್ಲ. ಆದರೆ ತೂಕಡಿಕೆ, ಗಮನಭಂಗಗಳು ಎಲ್ಲ ದೇಶದ ಚಾಲಕರಿಗೂ ಸಮಾನ.

ಅದೇ ಸಂಸ್ಥೆ 2017ರಲ್ಲಿ ಪ್ರಕಟಿಸಿದ ಸಮೀಕ್ಷೆಯೊಂದು ಇನ್ನೊಂದು ಸತ್ಯವನ್ನು ತೋರಿಸಿತು. ದುರಸ್ತಿಗೆ ಬಂದ ಕಾರುಗಳನ್ನು ಪರಿಶೀಲಿಸಿದಾಗ, ಎದುರಿನ ಡಿಕ್ಕಿ ತಡೆಯುವ ವ್ಯವಸ್ಥೆಯನ್ನು ಶೇ. 93 ಕಾರುಗಳಲ್ಲಿ ಚಾಲೂ ಇರಿಸಿದ್ದರು. ಪಥ ಕಾಯುವ ವ್ಯವಸ್ಥೆ ಚಾಲೂ ಇದ್ದುದು ಶೇ. 51ರಲ್ಲಿ ಮಾತ್ರ. ಸದ್ದು ಮಾಡುವ ಎಚ್ಚರಿಕೆಗಿಂತ ಕಂಪನದ ಎಚ್ಚರಿಕೆಯನ್ನು ಚಾಲಕರು ಹೆಚ್ಚು ಸಹಿಸಿಕೊಂಡಿದ್ದರು. 2024ರಲ್ಲಿ ಪ್ರಕಟವಾದ ಹೊಸ ಸಮೀಕ್ಷೆಯಲ್ಲಿ ಚಾಲೂ ಇರಿಸಿದವರ ಪ್ರಮಾಣ ಶೇ. 87ಕ್ಕೆ ಏರಿತ್ತು. ತಯಾರಕರು ವ್ಯವಸ್ಥೆಯ ಒರಟುತನವನ್ನು ತಗ್ಗಿಸಿದಂತೆ ಜನ ಅದನ್ನು ಒಪ್ಪಿಕೊಳ್ಳತೊಡಗಿದರೆಂದು ಇದರಿಂದ ಊಹಿಸಬಹುದು. ಚಾಲಕರ ಅಸಮಾಧಾನ ಹಠಮಾರಿತನವಲ್ಲ. ವ್ಯವಸ್ಥೆಯ ದೋಷವನ್ನು ತೋರಿಸಿಕೊಡುವ ಮಾಹಿತಿಯೂ ಹೌದು.

ಗಡಿನಾಡಿನ ರಸ್ತೆಗಳಲ್ಲಿ

ಈಗ ನಮ್ಮ ದಾರಿಗಳತ್ತ ಬರೋಣ. ಹೊಸೂರಿನಿಂದ ಕೃಷ್ಣಗಿರಿಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 44, ಸೊಲ್ಲಾಪುರದ ಮೂಲಕ ಹಾಯುವ ಹೆದ್ದಾರಿ 65, ಕಾಸರಗೋಡು ಜಿಲ್ಲೆಯಲ್ಲಿ ತಲಪಾಡಿಯಿಂದ ಚೆಂಗಳದವರೆಗೆ ಷಟ್ಪಥವಾಗಿ ಅಗಲಗೊಂಡ ಹೆದ್ದಾರಿ 66, ಇಂಥಲ್ಲಿ ನಡುವೆ ವಿಭಾಜಕವಿದ್ದು ಗೆರೆಗಳು ಸ್ಪಷ್ಟವಾಗಿರುವ ಭಾಗಗಳು ಈ ವ್ಯವಸ್ಥೆಗೆ ಹೇಳಿ ಮಾಡಿಸಿದ ಜಾಗ. ದೀರ್ಘ, ನೇರ, ಏಕತಾನದ ದಾರಿಯಲ್ಲಿಯೇ ನಿದ್ದೆಯ ಜೋಂಪು ಹತ್ತುವುದು. ಅಲ್ಲಿ ಅದನ್ನು ಆರಿಸುವುದು ಅವಿವೇಕ.

ಹೆದ್ದಾರಿಯ ಕಾಮಗಾರಿ ಮುಗಿಯದ ಭಾಗಗಳಲ್ಲಿ, ಬದಲಿ ದಾರಿಗಳಲ್ಲಿ, ಸರ್ವೀಸ್ ರಸ್ತೆಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ತಿದ್ದುಪಡಿಯನ್ನು ಆರಿಸಿ, ಕಾರಿನಲ್ಲಿ ಅಂಥ ಆಯ್ಕೆಯಿದ್ದರೆ ಎಚ್ಚರಿಕೆಯನ್ನು ಮಾತ್ರ ಉಳಿಸಿಕೊಳ್ಳುವುದು ಲೇಸು. ತಾಳವಾಡಿಯ ಜನ ಸತ್ಯಮಂಗಲಕ್ಕೆ ಇಳಿಯುವ ದಿಂಬಂ ಘಾಟಿಯ 27 ಹೇರ್‌ಪಿನ್ ತಿರುವುಗಳಲ್ಲಾಗಲಿ, ವಯನಾಡಿನವರು ಕೋಝಿಕ್ಕೋಡಿಗೆ ಇಳಿಯುವ ತಾಮರಶ್ಶೇರಿ ಚುರದ 9 ತಿರುವುಗಳಲ್ಲಾಗಲಿ ವೇಗವೇ ಕಡಿಮೆಯಿರುವುದರಿಂದ ಬಹುತೇಕ ಕಾರುಗಳ ತಿದ್ದುಪಡಿ ವ್ಯವಸ್ಥೆ ನಿದ್ರಿಸುತ್ತಿರುತ್ತದೆ. ಕಡಿಮೆ ವೇಗದಲ್ಲೂ ಕಾರನ್ನು ಪಥದ ನಡುವೆ ನಡೆಸುವ ಮೂರನೆಯ ಬಗೆಯ ಸೌಲಭ್ಯವಿದ್ದರೆ ಘಾಟಿ ಹತ್ತುವ ಮುನ್ನವೇ ಅದನ್ನು ಆರಿಸಬೇಕು. ಕಡಿದಾದ ತಿರುವಿನಲ್ಲಿ ಮುಂದಿನ ಗೆರೆ ಕ್ಯಾಮೆರಾದ ದೃಷ್ಟಿಗೇ ಬೀಳದೆ ಹೋಗಬಹುದು. ಅಂಥಲ್ಲಿ ವ್ಯವಸ್ಥೆ ಹಠಾತ್ತನೆ ಕೈಬಿಡುತ್ತದೆ.

ನಿಜವಾಗಿ ಜಾಗ್ರತೆ ಬೇಕಾದದ್ದು ಇವೆರಡರ ನಡುವಿನ ರಸ್ತೆಗಳಲ್ಲಿ. ಜತ್ತ, ಅಕ್ಕಲಕೋಟೆ, ಆದೋನಿ, ರಾಯದುರ್ಗ, ಮಡಕಶಿರಾ ಪ್ರದೇಶಗಳ ಬಯಲಿನಲ್ಲಿ ಎರಡೇ ಪಥದ ರಸ್ತೆಗಳು ಅನೇಕ. ವೇಗ 70 ದಾಟಲು ಅಡ್ಡಿಯಿಲ್ಲ, ಗೆರೆ ಅಲ್ಲಲ್ಲಿ ಕಾಣುತ್ತದೆ, ಅಲ್ಲಲ್ಲಿ ಮಾಯವಾಗುತ್ತದೆ. ಎತ್ತಿನ ಗಾಡಿ, ಕಬ್ಬಿನ ಟ್ರ್ಯಾಕ್ಟರ್, ಕುರಿಹಿಂಡು ಎಲ್ಲವೂ ಅದೇ ದಾರಿಯಲ್ಲಿವೆ. ವ್ಯವಸ್ಥೆ ಎಚ್ಚೆತ್ತಿರುವುದೂ, ತಪ್ಪಾಗಿ ತಿದ್ದುವ ಸಂದರ್ಭಗಳು ಹೆಚ್ಚಿರುವುದೂ ಇಲ್ಲಿಯೇ.

ಕುಟುಂಬಗಳು ಮಾಡಬಹುದಾದದ್ದು

ಒಂದು, ಪಥ ಬದಲಿಸುವಾಗ ತಪ್ಪದೆ ಇಂಡಿಕೇಟರ್ ಹಾಕುವುದು. ಇಂಡಿಕೇಟರ್ ಹಾಕಿದೊಡನೆ ಕಾರು ಅದನ್ನು ಉದ್ದೇಶಪೂರ್ವಕ ಚಲನೆಯೆಂದು ತಿಳಿದು ಆ ದಿಕ್ಕಿನ ತಿದ್ದುಪಡಿಯಿಂದ ಸಾಮಾನ್ಯವಾಗಿ ಹಿಂದೆ ಸರಿಯುತ್ತದೆ. ಕಿರಿಕಿರಿಯ ಬಹುಪಾಲು ಈ ಒಂದು ಅಭ್ಯಾಸದಿಂದಲೇ ಇಲ್ಲವಾಗುತ್ತದೆ. ಹಿಂದಿನ ವಾಹನಕ್ಕೂ ಉಪಕಾರ.

ಎರಡು, ಕಾರು ಕೊಳ್ಳುವ ದಿನವೇ ಈ ಸೌಲಭ್ಯವನ್ನು ಆರಿಸುವ ಗುಂಡಿ ಎಲ್ಲಿದೆ, ತೀವ್ರತೆಯನ್ನು ತಗ್ಗಿಸುವುದು ಹೇಗೆ, ಸದ್ದಿನ ಬದಲು ಕಂಪನವನ್ನು ಆರಿಸಿಕೊಳ್ಳಬಹುದೆ ಎಂದು ಮಳಿಗೆಯವರಿಂದ ಮಾಡಿಸಿ ನೋಡುವುದು. ಹೊಸ ಕಾರನ್ನು ಮೊದಲು ಪರಿಚಿತ, ಜನಸಂಚಾರ ಕಡಿಮೆಯಿರುವ ಹೆದ್ದಾರಿಯಲ್ಲಿ ಓಡಿಸಿ ಆ ಎಳೆತಕ್ಕೆ ಕೈಯನ್ನು ಪಳಗಿಸಬೇಕು.

ಮೂರು, ಕ್ಯಾಮೆರಾದ ಮುಂದಿನ ಗಾಜನ್ನು ಶುಚಿಯಾಗಿಡುವುದು. ಆ ಭಾಗದಲ್ಲಿ ಸ್ಟಿಕ್ಕರ್ ಅಂಟಿಸುವುದು, ಕನ್ನಡಿಯ ಬಳಿ ಹೂಮಾಲೆ ತೂಗುಹಾಕುವುದು ಬೇಡ. ಮುಂಗಾಜನ್ನು ಬದಲಿಸಿದರೆ ಕ್ಯಾಮೆರಾವನ್ನು ಮತ್ತೆ ಸರಿಹೊಂದಿಸಿ ಕೊಟ್ಟಿದ್ದಾರೆಯೇ ಎಂದು ಕೇಳಿ ಖಚಿತಪಡಿಸಿಕೊಳ್ಳಬೇಕು. ಕ್ಯಾಮೆರಾ ಕೂದಲೆಳೆಯಷ್ಟು ಓರೆಯಾದರೂ ದೂರದ ಗೆರೆಯ ಲೆಕ್ಕ ತಪ್ಪುತ್ತದೆ.

ನಾಲ್ಕು, ಕಾರಿನ ಕೈಪಿಡಿ ಸಾಮಾನ್ಯವಾಗಿ ಇಂಗ್ಲಿಷಿನಲ್ಲಿರುತ್ತದೆ. ಪರದೆಯ ಮೇಲಿನ ಎಚ್ಚರಿಕೆಗಳೂ ಹಾಗೆಯೇ. ಮನೆಯಲ್ಲಿ ಕಾರು ಓಡಿಸುವ ಹಿರಿಯರು ಕನ್ನಡವನ್ನಷ್ಟೇ ಓದಬಲ್ಲವರಾಗಿದ್ದರೆ, ಮಕ್ಕಳು ಆ ಪುಟಗಳನ್ನು ಓದಿ ಕನ್ನಡದಲ್ಲಿ ವಿವರಿಸಬಹುದು. ಬಣ್ಣದ ಸಂಕೇತಗಳನ್ನೂ ಅವುಗಳ ಅರ್ಥವನ್ನೂ ಒಂದು ಹಾಳೆಯಲ್ಲಿ ಬರೆದು ಕಾರಿನಲ್ಲಿಟ್ಟರೆ ಮನೆಮಂದಿಗೆಲ್ಲ ಉಪಯುಕ್ತ. ಶಾಲೆಯಲ್ಲಿ ಕಲಿತ ವಿಜ್ಞಾನ ಮನೆಗೆ ಬರುವುದು ಹೀಗೆಯೇ.

ಐದು, ಯಾವ ರಸ್ತೆಯಲ್ಲೇ ಆಗಲಿ ಕೈಯನ್ನು ಚಕ್ರದಿಂದ ತೆಗೆಯದಿರುವುದು. ಇದು ಸಹಾಯಕ ಮಾತ್ರ, ಚಾಲಕನಲ್ಲ.

ಗೆರೆ ಎಳೆಯಬೇಕಾದವರ ಹೊಣೆ

ಈ ವಿಷಯ ಕಾರುಳ್ಳವರಿಗೆ ಮಾತ್ರ ಸಂಬಂಧಿಸಿದ್ದಲ್ಲ. ಬಸ್ಸು, ಲಾರಿಗಳಂಥ ದೊಡ್ಡ ವಾಹನಗಳಿಗೆ ಪಥ ತಪ್ಪಿದಾಗ ಎಚ್ಚರಿಸುವ ವ್ಯವಸ್ಥೆ, ಚಾಲಕರ ತೂಕಡಿಕೆಯನ್ನು ಗುರುತಿಸುವ ವ್ಯವಸ್ಥೆ ಮೊದಲಾದವನ್ನು 2026ರಿಂದ ಹಂತಹಂತವಾಗಿ ಕಡ್ಡಾಯಗೊಳಿಸುವ ಕರಡು ನಿಯಮವನ್ನು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಮಕ್ಕಳು ಪ್ರಯಾಣಿಸುವ ದೊಡ್ಡ ಬಸ್ಸುಗಳಲ್ಲೂ ಮುಂದೆ ಇಂಥ ಸದ್ದು ಕೇಳಿಸಬಹುದು.

ಆದರೆ ಕಾರಾಗಲಿ ಬಸ್ಸಾಗಲಿ, ಓದಲು ಗೆರೆಯೇ ಇಲ್ಲದಿದ್ದರೆ ಕ್ಯಾಮೆರಾದಿಂದ ಏನು ಫಲ? ರಸ್ತೆಯ ಗೆರೆಗಳು ಹೇಗಿರಬೇಕೆಂಬುದಕ್ಕೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ 35ನೆಯ ಸಂಹಿತೆ ಇದೆ. ರಾತ್ರಿ ಹೊಳೆಯುವಂತೆ ಗಾಜಿನ ಸಣ್ಣ ಮಣಿಗಳನ್ನು ಬೆರೆಸಿದ ಥರ್ಮೋಪ್ಲಾಸ್ಟಿಕ್ ಬಣ್ಣವೂ ಬಳಕೆಯಲ್ಲಿದೆ. ಅವು ಟೈರುಗಳ ಉಜ್ಜುವಿಕೆಗೂ ಧೂಳಿಗೂ ಸಿಕ್ಕಿ ಮಾಸುತ್ತವೆ. ಕಾಲಕಾಲಕ್ಕೆ ಮತ್ತೆ ಬಳಿಯಬೇಕು. ಶಾಲೆಯ ಮುಂದಿನ ರಸ್ತೆಯಲ್ಲಿ ಅಂಚುಗೆರೆ, ನಡುಗೆರೆ, ಪಾದಚಾರಿ ಪಟ್ಟಿಗಳು ಮಾಸಿದ್ದರೆ ಪೋಷಕ-ಶಿಕ್ಷಕ ಸಂಘದ ಮೂಲಕ ಪಂಚಾಯತಿಗೂ ಲೋಕೋಪಯೋಗಿ ಇಲಾಖೆಗೂ ಬರೆದು ಕೇಳುವುದು ನಮ್ಮ ಹಕ್ಕು. ಆ ಗೆರೆಗಳು ಬೆಲೆಬಾಳುವ ಕಾರಿನ ಕ್ಯಾಮೆರಾಕ್ಕೂ, ರಸ್ತೆ ದಾಟಲು ನಿಂತ ಮಗುವಿಗೂ ಒಂದೇ ಬಗೆಯ ರಕ್ಷಣೆ ಕೊಡುತ್ತವೆ.